ಹೊಸ್ತಿಲ ಬೆಳಕು

ಲಕ್ಷ್ಮೀ ರೋಡಿನ ಸೀರೆ ಅಂಗಡಿಗಳ ಮುಂದೆ ಅರ್ಧ ಗಂಟೆ ನಿಂತರೆ ಸಾಕು, ಈ ದೃಶ್ಯ ಕಣ್ಣಿಗೆ ಬೀಳುತ್ತದೆ. ಒಳಗೆ ಗಾದಿಯ ಮೇಲೆ ಕೂತು ಸೀರೆ ಆರಿಸಿದ ಹೆಂಗಸು ದುಡ್ಡು ಕೊಡುವ ಮೊದಲು ಅದನ್ನು ಮುಂಗೈ ಮೇಲೆ ಹಾಕಿಕೊಂಡು ಬಾಗಿಲಿಗೆ ಬರುತ್ತಾಳೆ. ಸೆರಗನ್ನು ಬಿಸಿಲಿಗೆ ಹಿಡಿಯುತ್ತಾಳೆ, ಮತ್ತೆ ನೆರಳಿಗೆ ಸರಿಸುತ್ತಾಳೆ. ಅಂಗಡಿಯವನೂ ಬೇಡ ಅನ್ನುವುದಿಲ್ಲ. ದೀಪದ ಕೆಳಗೆ ಒಪ್ಪಿದ ಬಣ್ಣ ಮನೆಯಲ್ಲಿ ಬೇರೆಯಾಗಿ ಕಂಡರೆ ಸೀರೆ ವಾಪಸ್ ಬರುತ್ತದೆ ಎಂದು ಅವನಿಗೂ ಗೊತ್ತು. ನಮ್ಮ ಅಜ್ಜಿ, ಆಯಿಯದೂ ಅದೇ ರೂಢಿ. ಇಳಕಲ್ಲಿನಲ್ಲಿ ನೇಕಾರರ ಮನೆಗೆ ಹೋಗಿ ಸೀರೆ ಕೊಳ್ಳುವಾಗ, ಹೊಸ್ತಿಲು ದಾಟಿ ಅಂಗಳಕ್ಕೆ ತಂದು ನೋಡದೆ ಅವಳು ಎಂದೂ ‘ಹೂಂ’ ಅಂದವಳಲ್ಲ.

ನಾನು ಚಿತ್ರ ಬರೆಯುವವಳು. ಕುಂಚ ಬಿಟ್ಟು ಹನ್ನೆರಡು ವರ್ಷವಾಯಿತು. ಈಗ ಕೈ ಪೆನ್ ಟ್ಯಾಬ್ಲೆಟ್ಟಿನ ಮೇಲೆ, ಕಣ್ಣು ಮಾನಿಟರಿನ ಮೇಲೆ. ಮಕ್ಕಳ ಪುಸ್ತಕ, ಮುಖಪುಟ, ಮರಾಠಿ ದೀಪಾವಳಿ ಸಂಚಿಕೆಗಳ ಚಿತ್ರ, ಎಲ್ಲವೂ ಕೊಥ್ರೂಡಿನ ನಮ್ಮ ಮನೆಯ ಹಿಂದಿನ ಕೋಣೆಯಲ್ಲೇ ನಡೆಯುತ್ತವೆ. ಆ ಕೋಣೆಗೂ ಒಂದು ಹೊಸ್ತಿಲು ಬೇಕು, ಅಲ್ಲಿಗೆ ತಂದು ನೋಡದೆ ಯಾವ ಬಣ್ಣಕ್ಕೂ ‘ಹೂಂ’ ಅನ್ನಬಾರದು ಎಂಬುದು ನನಗೆ ತಿಳಿದದ್ದು ಒಂದು ಮುಖಪುಟ ಕೆಟ್ಟ ಮೇಲೆ.

ಪುಣೆಯಲ್ಲೇ ನೆಲೆಸಿದ ಕನ್ನಡದ ಗೆಳತಿಯೊಬ್ಬಳು ತನ್ನ ಬಾಲ್ಯದ ನೆನಪುಗಳನ್ನು ಪುಸ್ತಕ ಮಾಡಿದಳು. ಮುಖಪುಟ ನನ್ನದು. ಬೀಸುಕಲ್ಲಿನ ಮುಂದೆ ಒಂದು ಕಾಲು ಚಾಚಿ ಕೂತ ಅಜ್ಜಿ, ಮೈಮೇಲೆ ಗಿರಿಕುಂಕುಮ ಬಣ್ಣದ ಇಳಕಲ್ ಸೀರೆ. ಇಲ್ಲಿಯವರು ಅದನ್ನು ‘ಇರಕಲ್’ ಅನ್ನುತ್ತಾರೆ. ಆ ಸೀರೆ ಗೊತ್ತಿದ್ದವರಿಗೆ ಅದರ ಕಷ್ಟವೂ ಗೊತ್ತು. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಸೆರಗು ಕೆಂಪು ರೇಷ್ಮೆ, ಅದರ ಮೇಲೆ ಬಿಳಿಯ ತೋಪುತೆನೆ ವಿನ್ಯಾಸ. ಒಡಲು ಗಿರಿಕುಂಕುಮವಾದರೆ ಅದೂ ಕೆಂಪೇ, ಆದರೆ ಬೇರೆ ಕೆಂಪು. ನಮ್ಮ ಮನೆಯಲ್ಲಿರುವ ಸೀರೆಯಲ್ಲಿ ಆ ಕೆಂಪಿನ ತಳದಲ್ಲಿ ನೇರಳೆಯ ಛಾಯೆ ಇಳಿದಿದೆ, ಹಳೆಯ ಕುಂಕುಮದ ಭರಣಿಯ ಅಡಿಯಲ್ಲಿ ಉಳಿದ ಪುಡಿಯ ಹಾಗೆ. ಕೊಂಡಿ ಕೂಡಿದ ಜಾಗದಲ್ಲಿ ಈ ಎರಡು ಕೆಂಪುಗಳು ಒಂದನ್ನೊಂದು ಮುಟ್ಟುತ್ತವೆ. ಅಷ್ಟು ಕಂಡರೆ ಅದು ಇಳಕಲ್ ಸೀರೆ, ಕಾಣದಿದ್ದರೆ ಬರೀ ಕೆಂಪು ಬಟ್ಟೆ. ಮೂರು ವಾರ ನಾನು ಆ ಜೋಡಣೆಯ ಮೇಲೇ ಕೆಲಸ ಮಾಡಿದೆ. ಸ್ಕ್ರೀನಿನ ಮೇಲೆ ಅದು ಜೀವಂತವಾಗಿತ್ತು.

ಪುಸ್ತಕ ಅಚ್ಚಾಗಿ ಬಂತು. ಬಾಗಲಕೋಟೆಯಿಂದ ಬಂದಿದ್ದ ಅವ್ವ ಟ್ರಂಕಿನಿಂದ ಆ ಸೀರೆಯನ್ನು ತೆಗೆದು, ಮಡಿಕೆಯ ಮೇಲೆ ಪುಸ್ತಕವನ್ನಿಟ್ಟು ನೋಡಿದಳು.

“ಇದು ಗಿರಿಕುಂಕುಮ ಅಲ್ಲವ್ವಾ. ಇಟ್ಟಂಗಿ ಬಣ್ಣ ಆಗೇದ.”

ಆಗಿತ್ತು. ಒಡಲೂ ಸೆರಗೂ ಒಂದೇ ಇಟ್ಟಿಗೆಯ ಕಂದಿನಲ್ಲಿ ಮುಳುಗಿ ಹೋಗಿದ್ದವು. ಕೊಂಡಿಯ ಗೆರೆ ಎಲ್ಲಿದೆ ಎಂದು ಬರೆದ ನಾನೇ ಹುಡುಕಬೇಕಾಯಿತು.

ತಪ್ಪು ಅಚ್ಚಿನದು ಅಂದುಕೊಂಡು, ಪುಸ್ತಕ ಅಚ್ಚಾದ ನಾರಾಯಣ ಪೇಟೆಯ ಪ್ರೆಸ್ಸಿಗೆ ಹೋದೆ. ಅಲ್ಲಿ ಮಶೀನು ನೋಡಿಕೊಳ್ಳುವ ಹಿರಿಯರು ನನ್ನ ಮಾತನ್ನೆಲ್ಲ ಕೇಳಿ, ಕೈ ಒರೆಸಿಕೊಂಡು, ಜೇಬಿನಿಂದ ಸಣ್ಣ ಭೂತಗನ್ನಡಿ ತೆಗೆದು ಮುಖಪುಟದ ಮೇಲಿಟ್ಟು, ಬಗ್ಗಿ ನೋಡಿ ಎಂದು ನನಗೆ ಹೇಳಿದರು. ಗಾಜಿನ ಕೆಳಗೆ ಸೀರೆ ಇರಲಿಲ್ಲ, ಅಜ್ಜಿ ಇರಲಿಲ್ಲ. ಬರೀ ಚುಕ್ಕೆಗಳು. ಹಳದಿ, ಮೆಜೆಂಟಾ, ಅಲ್ಲಲ್ಲಿ ನೀಲಿ, ನಡುನಡುವೆ ಕಪ್ಪು, ನಾಲ್ಕೂ ಸೇರಿ ಪುಟ್ಟ ಪುಟ್ಟ ಹೂವಿನಂತೆ ಸುತ್ತುಗಟ್ಟಿಕೊಂಡಿದ್ದವು. ಹಳದಿ ಚುಕ್ಕೆ ದಪ್ಪವಾಗಿದೆ ನೋಡಿ, ಕಪ್ಪೂ ಹೆಚ್ಚಿದೆ, ನಿಮ್ಮ ಫೈಲಿನಲ್ಲೇ ಹೀಗಿದೆ ಎಂದು ಕಂಪ್ಯೂಟರಿನಲ್ಲಿ ಅಂಕಿ ತೆಗೆದು ತೋರಿಸಿದರು. ಆಮೇಲೆ ಮೆಲ್ಲಗೆ, “ತಾಈ, ಸ್ಕ್ರೀನ್ ಮ್ಹಣಜೆ ದಿವಾ,” ಅಂದರು. ಸ್ಕ್ರೀನ್ ಅಂದರೆ ದೀಪ. ಕಾಗದ ದೀಪವಲ್ಲ, ಬಿದ್ದ ಬೆಳಕನ್ನು ತಿರುಗಿ ಕೊಡುವುದಷ್ಟೇ ಅದರ ಕೆಲಸ. ನಿಮ್ಮ ದೀಪ ಎಂಥದ್ದು, ಯಾವತ್ತಾದರೂ ಅಳೆದಿದ್ದೀರಾ ಎಂದು ಕೇಳಿದರು.

ಅಳೆದಿರಲಿಲ್ಲ. ಮಾನಿಟರ್ ಅಂಗಡಿಯಿಂದ ಬಂದ ದಿನ ಹೇಗಿತ್ತೋ ಹಾಗೇ ಇತ್ತು. ಮಾರಾಟಕ್ಕಿಟ್ಟ ಸ್ಕ್ರೀನು ಅಂಗಡಿಯ ಝಗಮಗದಲ್ಲೂ ಎದ್ದು ಕಾಣಬೇಕು, ಆದ್ದರಿಂದ ಬಹಳಷ್ಟು ಮಾನಿಟರುಗಳು ಬೆಳಕು ಹೆಚ್ಚಿಟ್ಟುಕೊಂಡು, ಬಿಳಿಯನ್ನು ತುಸು ನೀಲಿಗೆ ಎಳೆದುಕೊಂಡೇ ಮನೆಗೆ ಬರುತ್ತವೆ. ನೀಲಿ ಬೆರೆತ ಬಿಳಿ ನಮ್ಮ ಕಣ್ಣಿಗೆ ಹೆಚ್ಚು ಶುಭ್ರ. ಬಿಳಿ ಅಂಗಿಗೆ ನೀಲಿ ಹಾಕುವುದೂ ಅದಕ್ಕೇ ಅಲ್ಲವೇ? ಆ ನೀಲಿ ಬೆಳಕಿನಲ್ಲಿ ನನ್ನ ಕೆಂಪು ಅಗತ್ಯಕ್ಕಿಂತ ನೇರಳೆಯಾಗಿ ಕಂಡಿತು. ಸರಿಪಡಿಸಲು ನಾನು ಹಳದಿ ಸುರಿದೆ. ಬೆಳಕು ಹೆಚ್ಚಾಗಿ ತೆಳುವೆನಿಸಿತು, ಕಪ್ಪು ಸೇರಿಸಿದೆ. ಸ್ಕ್ರೀನಿನ ದೋಷಕ್ಕೆ ನಾನು ಕೊಟ್ಟ ಮದ್ದು ಚಿತ್ರದ ಮೈಯಲ್ಲಿ ವಿಷವಾಗಿ ಉಳಿಯಿತು. ದೀಪ ಆರಿದ ಮೇಲೆ, ಕಾಗದದ ಮೇಲೆ, ಆ ಹಳದಿ ಮತ್ತು ಕಪ್ಪು ಮಾತ್ರ ಉಳಿದು ಇಟ್ಟಿಗೆಯಾಯಿತು.

ಮೂರು ವಾರ ದಿನಕ್ಕೆ ಎಂಟು ಗಂಟೆ ಆ ನೀಲಿಯನ್ನು ನೋಡುತ್ತ ಕೂತವಳಿಗೆ ಅದು ಒಮ್ಮೆಯೂ ಯಾಕೆ ಕಾಣಲಿಲ್ಲ? ಈ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು. ಉತ್ತರ ಸಿಕ್ಕಿದ್ದು ಅದೇ ವರ್ಷ ಮಳೆಗಾಲದಲ್ಲಿ, ಅವ್ವನ ಎಡಗಣ್ಣಿನ ಪೊರೆ ತೆಗೆಸಿದಾಗ. ಪಟ್ಟಿ ಬಿಚ್ಚಿದ ಮರುದಿನ ಅವಳು ಪಡಸಾಲೆಯಲ್ಲಿ ಕೂತು ಒಂದು ಕಣ್ಣು ಮುಚ್ಚಿ, ಆಮೇಲೆ ಇನ್ನೊಂದು ಮುಚ್ಚಿ, ಎದುರಿನ ಗೋಡೆ ನೋಡುತ್ತಿದ್ದಳು. “ಈ ಕಣ್ಣಾಗ ಗ್ವಾಡಿ ಬೆಳ್ಳಗದ. ಈ ಕಣ್ಣಾಗ ಅರಿಶಿಣ ನೀರು ಹೊಡದಂಗ ಅದ.” ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟುತ್ತ ಬರುತ್ತದೆ, ನೀಲಿಯನ್ನು ತಡೆಯುತ್ತದೆ. ಆದರೆ ಅದು ವರ್ಷಕ್ಕಿಷ್ಟು ಎಂದು ಏರುವುದರಿಂದ ಮಿದುಳು ಪ್ರತಿ ದಿನವೂ ಅಷ್ಟಷ್ಟನ್ನೇ ಕಳೆದು, ಬಿಳಿಯನ್ನು ಬಿಳಿ ಎಂದೇ ಹೇಳುತ್ತ ಹೋಗುತ್ತದೆ. ಅವ್ವ ಎಷ್ಟೋ ವರ್ಷ ಅರಿಶಿಣದ ಗೋಡೆಯ ಮನೆಯಲ್ಲಿ ಬದುಕಿ, ಅದನ್ನು ಬಿಳಿ ಅಂದುಕೊಂಡಿದ್ದಳು.

ಕಣ್ಣಿನ ಈ ಗುಣ ದೋಷವಲ್ಲ, ದೊಡ್ಡ ವರ. ಬೆಳಗಿನ ಮೋಡದಲ್ಲೂ ಸಂಜೆಯ ಕೆಂಬೆಳಕಲ್ಲೂ ಲಾಟೀನಿನ ಎದುರಿಗೂ ನಮಗೆ ಅನ್ನ ಬೆಳ್ಳಗೇ ಕಾಣುವುದು ಅದರಿಂದ. ಮುಖದ ಮೇಲೆ ಬಿದ್ದ ಬೆಳಕು ಬದಲಾದರೂ ಮಗಳು ಮಗಳೇ. ಇರುವುದು ಇದ್ದ ಹಾಗೆ ಗುರುತು ಹಿಡಿಯಲಿಕ್ಕೆ ಕಣ್ಣು ಹುಟ್ಟಿದೆ, ಅಳೆಯಲಿಕ್ಕೆ ಅಲ್ಲ. ನೀಲಿ ಸ್ಕ್ರೀನಿನ ಎದುರು ಹತ್ತು ನಿಮಿಷ ಕೂತರೆ ಅದು ನೀಲಿಯನ್ನು ಮರೆತುಬಿಡುತ್ತದೆ. ಪೊರೆ ಬಂದ ಆ ಕಣ್ಣುಗಳಲ್ಲೇ ಅವ್ವ ನನ್ನ ತಪ್ಪನ್ನು ಹಿಡಿದದ್ದು ಹೇಗೆಂದರೆ, ಅವಳು ನೆನಪಿನಿಂದ ತೀರ್ಪು ಕೊಡಲಿಲ್ಲ. ಸೀರೆಯನ್ನು ತಂದು ಪುಸ್ತಕದ ಪಕ್ಕದಲ್ಲಿಟ್ಟಳು. ಎರಡೂ ಒಂದೇ ಪೊರೆಯ ಮೂಲಕ ಬಂದವು, ಎರಡರ ಅಂತರ ಉಳಿಯಿತು. ನನ್ನ ಕೋಣೆಯಲ್ಲಿ ಪಕ್ಕಕ್ಕಿಡಲು ಏನೂ ಇರಲಿಲ್ಲ.

ಈಗ ಇದೆ. ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡ ಕಪ್ಪು ಬಿಲ್ಲೆ, ಒಂದು ಬದಿಯಲ್ಲಿ ಮಸೂರ, ಮಸೂರದ ಸುತ್ತ ಮೆತ್ತನೆಯ ಸ್ಪಂಜು, ಬಾಲದ ಹಾಗೆ ಯುಎಸ್‌ಬಿ ತಂತಿ. ಕಲರಿಮೀಟರ್ ಎಂದು ಅದರ ಹೆಸರು. ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಅದರ ಕೆಲಸ. ಮಾನಿಟರ್ ಹಚ್ಚಿ ಅರ್ಧ ಗಂಟೆ ಬಿಡುತ್ತೇನೆ, ಕಾಯದ ಸ್ಕ್ರೀನಿನ ಬಣ್ಣ ನಿಲ್ಲುವುದಿಲ್ಲ. ಪರದೆ ಎಳೆಯುತ್ತೇನೆ. ಗಾಜನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ, ತಂತಿಯ ಭಾರದ ಗುಂಡನ್ನು ಮಾನಿಟರಿನ ಹಿಂದೆ ಇಳಿಬಿಟ್ಟು, ಬಿಲ್ಲೆ ನಡುಮಧ್ಯ ಬರುವಂತೆ ತೂಗು ಹಾಕಿ, ಸ್ಕ್ರೀನನ್ನು ತುಸು ಹಿಂದಕ್ಕೆ ವಾಲಿಸುತ್ತೇನೆ. ಸ್ಪಂಜು ಗಾಜಿಗೆ ಅಂಟಿ ಕೂರಬೇಕು, ಸಂದಿನಿಂದ ಹೊರಗಿನ ಬೆಳಕು ನುಸುಳಬಾರದು. ವೈದ್ಯರು ಎದೆಗೆ ಸ್ಟೆತೊಸ್ಕೋಪ್ ಒತ್ತುವ ಹಾಗೆಯೇ.

ಮೊದಲ ಸಲ ಅಳೆದಾಗ ಬಂದ ಅಂಕಿ ನನ್ನ ಡೈರಿಯಲ್ಲಿ ಇನ್ನೂ ಇದೆ. ಬೆಳಕು 290 ನಿಟ್, ಬಿಳಿಯ ಬಣ್ಣತಾಪ 7,800 ಕೆಲ್ವಿನ್. ನನ್ನಂಥ ಮಂದಬೆಳಕಿನ ಕೋಣೆಗೆ 100 ನಿಟ್ ಸಾಕು, ಬಿಳಿಗೆ ಒಪ್ಪಿತವಾದ ಗುರಿ 6,500 ಕೆಲ್ವಿನ್. ಮಾನಿಟರಿನ ಗುಂಡಿಗಳಿಂದಲೇ ಮೊದಲು ಬೆಳಕು ಇಳಿಸಿ, ಕೆಂಪು ಹಸಿರು ನೀಲಿಗಳನ್ನು ಸಮಕ್ಕೆ ತಂದೆ. ಆಮೇಲೆ ಸಾಫ್ಟ್‌ವೇರ್ ಬಿಲ್ಲೆಯ ಕೆಳಗೆ ಒಂದೊಂದೇ ಬಣ್ಣದ ಚೌಕ ತೋರಿಸುತ್ತ ಹೋಯಿತು. ಕಡುಕೆಂಪು, ಹುಲ್ಲು ಹಸಿರು, ಹೊಗೆ, ಬೂದಿ, ಮತ್ತೆ ಬೂದಿ. ತಾನು ಕಳಿಸಿದ್ದು ಯಾವುದು, ಸ್ಕ್ರೀನು ತೋರಿದ್ದು ಯಾವುದು ಎಂದು ಹೋಲಿಸಿ ಎರಡು ಕೆಲಸ ಮಾಡಿತು. ಸ್ಕ್ರೀನು ದಾರಿ ತಪ್ಪುವ ಕಡೆ ತಿದ್ದುವ ಒಂದು ವಕ್ರರೇಖೆ. ತಿದ್ದಿದ ಮೇಲೂ ಈ ಸ್ಕ್ರೀನಿನ ಕೆಂಪು ಎಷ್ಟು ಕೆಂಪು, ಹಸಿರು ಎಷ್ಟು ಹಸಿರು ಎಂದು ಬರೆದಿಟ್ಟ ಒಂದು ಪ್ರೊಫೈಲು. ಮೊದಲನೆಯದು ತಂಬೂರಿಯನ್ನು ಶ್ರುತಿ ಮಾಡಿದ ಹಾಗೆ. ಎರಡನೆಯದು ಆ ತಂಬೂರಿಯ ಜಾತಕ.

ಎಲ್ಲ ಮುಗಿದು ಹೊಸ ಬಿಳಿ ಬಂದಾಗ ನನಗೆ ಕಂಡದ್ದು ಮಂಕಾದ, ಮಾಸಲು ಹಳದಿ. ಯಂತ್ರ ಕೆಟ್ಟಿದೆ ಅನಿಸಿತು. ಎದ್ದು ಹೋಗಿ ಚಹಾ ಕುಡಿದು ಬಂದೆ. ಇಪ್ಪತ್ತು ನಿಮಿಷದ ನಂತರ ಅದು ಬರೀ ಬಿಳಿಯಾಗಿತ್ತು. ಅವ್ವ ಒಂದು ಕಣ್ಣು ಮುಚ್ಚಿ ಗೋಡೆ ನೋಡಿದ್ದು ನೆನಪಾಯಿತು.

ಬೂದಿ ಬಣ್ಣದ ಚೌಕಗಳು ಅಷ್ಟೊಂದು ಯಾಕೆ ಎಂದು ಹೊಸಬರು ಕೇಳುತ್ತಾರೆ. ನನ್ನ ಮಟ್ಟಿಗೆ ಬೂದಿಯೇ ಎಲ್ಲದರ ತಾಯಿ. ಕಪ್ಪಿನಿಂದ ಬಿಳಿಗೆ ಏರುವ ಮೆಟ್ಟಿಲುಗಳು ಸರಿಯಿದ್ದರೆ ಬಣ್ಣ ತಾನಾಗಿ ದಾರಿಗೆ ಬರುತ್ತದೆ. ಈ ಏರಿಕೆಗೆ ಗಾಮಾ ಅನ್ನುತ್ತಾರೆ, ಸಾಮಾನ್ಯ ಗುರಿ 2.2. ಅದರ ಲೆಕ್ಕದಲ್ಲಿ ಸಂಖ್ಯೆ ಅರ್ಧವಾದಾಗ ಬೆಳಕು ಅರ್ಧವಾಗುವುದಿಲ್ಲ, ಸುಮಾರು ಐದನೇ ಒಂದು ಪಾಲಿಗೆ ಇಳಿಯುತ್ತದೆ. ನಮ್ಮ ಕಣ್ಣು ಕತ್ತಲಿನ ಸಣ್ಣ ವ್ಯತ್ಯಾಸಗಳನ್ನು ಬೆಳಕಿನ ವ್ಯತ್ಯಾಸಗಳಿಗಿಂತ ಚೆನ್ನಾಗಿ ಹಿಡಿಯುತ್ತದೆ, ಆದ್ದರಿಂದ ಮೆಟ್ಟಿಲುಗಳೂ ಕತ್ತಲಿನ ಕಡೆ ಒತ್ತೊತ್ತಾಗಿವೆ. ಕೊಂಡಿಯ ಗೆರೆ, ಮಡಿಕೆಯ ನೆರಳು, ಅಜ್ಜಿಯ ಕಣ್ಣಿನ ಕೆಳಗಿನ ಗುಳಿ, ಎಲ್ಲ ಇರುವುದು ಆ ಒತ್ತಾದ ಮೆಟ್ಟಿಲುಗಳಲ್ಲೇ.

ಲಾ ಕಾಲೇಜ್ ರಸ್ತೆಯಲ್ಲಿ ಹಾಯುವಾಗೆಲ್ಲ ನನಗೆ ಈ ಮೆಟ್ಟಿಲುಗಳು ನೆನಪಾಗುತ್ತವೆ. ಅಲ್ಲಿ ಫಿಲ್ಮ್ ಇನ್‌ಸ್ಟಿಟ್ಯೂಟ್ ಇದೆ, ಗಿರೀಶ ಕಾಸರವಳ್ಳಿ ಓದಿದ್ದು ಅಲ್ಲಿ. 1964ರಲ್ಲಿ ಶುರುವಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವೂ ಅದೇ ರಸ್ತೆಯಲ್ಲಿದೆ. ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ದ ಮೂಲ ನೆಗೆಟಿವ್ ಉಳಿದದ್ದು ಈ ಸಂಗ್ರಹಾಲಯದಲ್ಲಿ. ಅದರಿಂದಲೇ ಚಿತ್ರವನ್ನು ಇಟಲಿಯ ಬೊಲೋನ್ಯದಲ್ಲಿ ಮತ್ತೆ ಹಸನು ಮಾಡಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಎಸ್. ರಾಮಚಂದ್ರ ಛಾಯಾಗ್ರಹಣ ಮಾಡಿದ ಕಪ್ಪು ಬಿಳುಪಿನ ಚಿತ್ರ. ಮಲೆನಾಡಿನ ಮನೆಯ ಒಳಗತ್ತಲು, ಆ ಕತ್ತಲಲ್ಲಿ ಕೂತ ವಿಧವೆಯ ಮುಖ. ಅಂಥ ಚಿತ್ರವನ್ನು ತಿದ್ದುವವರ ಸ್ಕ್ರೀನಿನಲ್ಲಿ ಎರಡು ಬೂದಿಗಳು ಬೆರೆತುಹೋದರೆ ಆ ವಿಧವೆ ಕೂತ ಮೂಲೆಯೇ ಮಾಯವಾಗುತ್ತದೆ. ಬಣ್ಣದ ಚಿತ್ರದಲ್ಲಿ ತಪ್ಪನ್ನು ಮುಚ್ಚಲು ಬಣ್ಣವಾದರೂ ಇರುತ್ತದೆ, ಅಲ್ಲಿ ಅದೂ ಇಲ್ಲ.

ಯಂತ್ರ ಅಳೆಯುತ್ತದೆ ಅಂದೆ. ಆದರೆ ಯಾರ ಕಣ್ಣಿನಿಂದ? ಇದು ತಿಳಿದ ದಿನ ನಾನು ಸುಮ್ಮನೆ ಕೂತುಬಿಟ್ಟೆ. ಬಣ್ಣವನ್ನು ಸಂಖ್ಯೆಯಾಗಿಸುವ ಅಂತರರಾಷ್ಟ್ರೀಯ ಪದ್ಧತಿ 1931ರದು. ಅದರ ಬುಡದಲ್ಲಿರುವುದು ಇಂಗ್ಲೆಂಡಿನ ಎರಡು ಪ್ರಯೋಗಗಳು. ಡೇವಿಡ್ ರೈಟ್ 10 ಜನರನ್ನು, ಜಾನ್ ಗಿಲ್ಡ್ 7 ಜನರನ್ನು ಕೂರಿಸಿ, ಮೂರು ದೀಪಗಳ ಬೆಳಕು ಬೆರೆಸಿ ಎದುರಿನ ಬಣ್ಣಕ್ಕೆ ಹೊಂದಿಸಲು ಹೇಳಿದರು. ಆ 17 ಜನರ ಕಣ್ಣುಗಳ ಸರಾಸರಿಯೇ ‘ಪ್ರಮಾಣಿತ ವೀಕ್ಷಕ’. ನನ್ನ ಬಿಲ್ಲೆಯೊಳಗೆ ಇವತ್ತಿಗೂ ಕೂತಿರುವುದು ಆ ಕಣ್ಣು. ಎರಡು ಬಣ್ಣಗಳ ಅಂತರವನ್ನು ಹೇಳುವ ಮಾನಕ್ಕೆ ಡೆಲ್ಟಾ ಇ ಎಂದು ಹೆಸರು. ಆ ‘ಇ’ ಜರ್ಮನ್ ಭಾಷೆಯ ಎಂಪ್‌ಫಿಂಡುಂಗ್, ಅಂದರೆ ಸಂವೇದನೆ. ಅಂಕಿಗಳ ತಳದಲ್ಲಿ ಹೀಗೆ ಮನುಷ್ಯರು ಕೂತಿದ್ದಾರೆ ಎಂಬುದು ನನಗೆ ಸಮಾಧಾನ ಕೊಡುತ್ತದೆ.

ಕೋಣೆಯ ಗೋಡೆಗೂ ಆಗ ಬೂದಿ ಬಳಿಸಿದೆ. ಮೊದಲು ಅದು ತಿಳಿ ಕೇಸರಿ. ಪಕ್ಕದ ಬಣ್ಣವೂ ಕಣ್ಣಿನ ದಾರಿ ತಪ್ಪಿಸುತ್ತದೆ. ಪ್ಯಾರಿಸ್ಸಿನ ಗೊಬ್ಲಿನ್ ನೇಯ್ಗೆಯ ಕಾರ್ಖಾನೆಯಲ್ಲಿ ಬಣ್ಣದ ವಿಭಾಗ ನೋಡುತ್ತಿದ್ದ ಷೆವ್ರೆಲ್ ಎಂಬ ರಸಾಯನ ವಿಜ್ಞಾನಿಗೆ, ಕಪ್ಪು ನೂಲಿನಲ್ಲಿ ಕಪ್ಪು ಸಾಲದು ಎಂಬ ದೂರು ಬರುತ್ತಿತ್ತು. ಬಣ್ಣದಲ್ಲಿ ದೋಷ ಸಿಗಲಿಲ್ಲ. ಪಕ್ಕದಲ್ಲಿ ನೇಯ್ದ ನೂಲು ಕಪ್ಪನ್ನು ತೆಳುವಾಗಿಸುತ್ತಿತ್ತು. 1839ರಲ್ಲಿ ಅವನು ಅದನ್ನೇ ಗ್ರಂಥವಾಗಿ ಬರೆದ. ಇಳಕಲ್ಲಿನ ನೇಕಾರನಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಯಾವ ಒಡಲಿಗೆ ಯಾವ ಅಂಚು ಎಂದು ಅವನ ಕೈಗೆ ಗೊತ್ತು.

ಮೂಲದ ಬಣ್ಣವನ್ನು ಕಾಗದಕ್ಕೆ ತಲುಪಿಸುವ ಈ ಪಾಡು ಪುಣೆ ಸೀಮೆಗೆ ಹೊಸದಲ್ಲ. ಲೋಣಾವಳ ಲೋಕಲ್ ಹತ್ತಿದರೆ ಲೋಣಾವಳಕ್ಕಿಂತ ಒಂದು ಸ್ಟೇಷನ್ ಮೊದಲು ಮಳವಲಿ ಬರುತ್ತದೆ. ಕಾರ್ಲಾ, ಭಾಜೆ ಗುಹೆಗಳಿಗೆ ಹೋಗುವವರು ಅಲ್ಲಿ ಇಳಿಯುತ್ತಾರೆ. ರಾಜಾ ರವಿವರ್ಮ 1894ರಲ್ಲಿ ಮುಂಬೈಯಲ್ಲಿ ತೆರೆದ ಮುದ್ರಣಾಲಯ ಕೆಲವು ವರ್ಷಗಳ ನಂತರ ಬಂದು ನೆಲೆಯಾದದ್ದು ಅಲ್ಲೇ. ಆಮೇಲೆ ಜರ್ಮನಿಯ ಫ್ರಿಟ್ಸ್ ಶ್ಲೈಶರ್ ಅದನ್ನು ಕೊಂಡು ನಡೆಸಿದರು. 1972ರಲ್ಲಿ ಬೆಂಕಿ ಬಿದ್ದು ಸುಟ್ಟುಹೋಯಿತು. ಅಲ್ಲಿ ನಡೆಯುತ್ತಿದ್ದದ್ದು ಕಲ್ಲಚ್ಚು, ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ತೈಲಚಿತ್ರವನ್ನು ಎದುರಿಗಿಟ್ಟುಕೊಂಡು, ಈ ಸೀರೆಯಲ್ಲಿ ಹಳದಿ ಎಷ್ಟು, ಗುಲಾಬಿ ಎಷ್ಟು ಎಂದು ಕಣ್ಣಿನಿಂದಲೇ ಬಿಡಿಸಿ, ಕಲ್ಲಿನ ಮೇಲೆ ಉಲ್ಟಾ ಬರೆಯಬೇಕು. ಕಾಗದ ಕೂದಲೆಳೆಯಷ್ಟು ಸರಿದರೂ ಸೀರೆಯ ಅಂಚು ಸೀರೆ ಬಿಟ್ಟು ಗಾಳಿಗೆ ಹೋಗುತ್ತದೆ. ನಮ್ಮ ದೇವರ ಮನೆಯ ಲಕ್ಷ್ಮಿಯ ಪಟದಲ್ಲಿ ಹಾಗೆ ಒಂದು ಗೆರೆ ಸರಿದಿದೆ. ಚಿಕ್ಕವಳಿದ್ದಾಗ ಅದು ದೇವಿಯ ಪ್ರಭೆ ಎಂದು ನಂಬಿದ್ದೆ. ಈಗ ಅದನ್ನು ನೋಡಿದರೆ, ಕಲ್ಲಿನ ಮೇಲೆ ಬಗ್ಗಿ ಕೂತ, ಹೆಸರು ಉಳಿಯದ ಕೆಲಸಗಾರನ ಕಣ್ಣು ನೆನಪಾಗಿ ಕೈ ಮುಗಿಯುತ್ತೇನೆ. ಅವನ ಪಕ್ಕದಲ್ಲಿ ಬಿಲ್ಲೆ ಇರಲಿಲ್ಲ.

ಅಳೆದ ಸ್ಕ್ರೀನು ಎಲ್ಲವನ್ನೂ ಕೊಡುವುದಿಲ್ಲ. ನವಿಲುಗತ್ತಿನ ನೀಲಿಹಸಿರು ಸಾಮಾನ್ಯ ಎಸ್‌ಆರ್‌ಜಿಬಿ ಸ್ಕ್ರೀನಿನ ವ್ಯಾಪ್ತಿಗೆ ಪೂರ್ತಿ ಸಿಗದು. ಸ್ಕ್ರೀನಿನ ಗಿಳಿಹಸಿರು ನಾಲ್ಕು ಶಾಯಿಗಳಿಗೆ ಎಟುಕದು. ಹೊಳಪಿನ ಆರ್ಟ್ ಪೇಪರಿನ ಮೇಲೆ ನಿಂತ ಕೆಂಪು ಮ್ಯಾಪ್‌ಲಿಥೊ ಕಾಗದದಲ್ಲಿ ಶಾಯಿ ಇಂಗಿ ಕುಗ್ಗುತ್ತದೆ. ಇನ್ನು ರಾತ್ರಿ ಹಳದಿ ಬೆಳಕಿಗೆ ತಿರುಗಿಸಿದ ಫೋನಿನಲ್ಲಿ ಚಿತ್ರ ನೋಡಿ ‘ಕೆಂಪು ಹೆಚ್ಚಾಯಿತು’ ಎಂದು ಬರೆಯುವವರಿಗೆ, ಬೆಳಿಗ್ಗೆ ಕಿಟಕಿಯ ಹತ್ತಿರ ಮತ್ತೊಮ್ಮೆ ನೋಡಿ ಎಂದಷ್ಟೇ ಕೇಳಿಕೊಳ್ಳುತ್ತೇನೆ. ಸ್ಕ್ರೀನ್ ಅಳೆಯುವುದರಿಂದ ನನಗೆ ಸಿಕ್ಕ ದೊಡ್ಡ ಲಾಭ ಒಂದೇ. ತಪ್ಪಾದರೆ ಅದು ಎಲ್ಲಿ ಆಯಿತು ಎಂದು ಈಗ ಹುಡುಕಬಲ್ಲೆ. ಮೊದಲು ಕೋಣೆ, ಕಣ್ಣು, ಸ್ಕ್ರೀನು, ಶಾಯಿ ಎಲ್ಲವೂ ಒಟ್ಟಿಗೆ ಕದಲುತ್ತಿದ್ದವು. ಈಗ ಒಂದು ಕಂಬ ನಿಂತಿದೆ.

ಕಳೆದ ದೀಪಾವಳಿಗೆ ಗೆಳತಿಯ ಪುಸ್ತಕದ ಎರಡನೇ ಮುದ್ರಣ ಗೊತ್ತಾಯಿತು. ಮುಖಪುಟಕ್ಕೆ ಮೊದಲಿಂದ ಬಣ್ಣ ಹಚ್ಚಿದೆ. ನಾರಾಯಣ ಪೇಟೆಯ ಹಿರಿಯರು ಪ್ರೂಫ್ ತೆಗೆದು, ಭೂತಗನ್ನಡಿ ಇಟ್ಟು ನೋಡಿ, ಏನೂ ಹೇಳದೆ ಕಾಗದವನ್ನು ಸುರುಳಿ ಸುತ್ತಿ ಕೈಗಿಟ್ಟರು. ಮನೆಗೆ ತಂದಾಗ ಅವ್ವ ಇದ್ದಳು. ಈಗ ಅವಳ ಎರಡೂ ಕಣ್ಣಿನ ಪೊರೆ ಹೋಗಿದೆ. ಪ್ರೂಫನ್ನೂ ಸೀರೆಯನ್ನೂ ಎತ್ತಿಕೊಂಡು ಬಾಲ್ಕನಿಗೆ ನಡೆದಳು. ಕಾಗದವನ್ನು ಸೆರಗಿಗೆ ಹಚ್ಚಿ ಹಿಡಿದಳು, ಒಡಲಿಗೆ ಹಚ್ಚಿ ಹಿಡಿದಳು, ನೆರಳಿಗೆ ಸರಿದಳು, ಮತ್ತೆ ಬಿಸಿಲಿಗೆ ಬಂದಳು. ಕೊಂಡಿಯ ಗೆರೆ ನನಗೆ ಅಷ್ಟು ದೂರದಿಂದಲೇ ಕಾಣುತ್ತಿತ್ತು.

“ಬಣ್ಣ ಖರೇ ಅದ,” ಅಂದಳು. ಸ್ವಲ್ಪ ಹೊತ್ತು ಬಿಟ್ಟು, “ಆದರ ಇದು ಟ್ರಂಕಿನಾಗಿಂದು, ಹಬ್ಬಕ್ಕ ಉಡೂ ಸೀರಿ. ನಿಮ್ಮ ಆಯಿ ಬೀಸಾಕ ಕುಂತಾಗ ಇಂಥಾದ್ದು ಎಲ್ಲಿ ಉಡ್ತಿದ್ಲು? ಒಗದ ಒಗದ ತೆಳ್ಳಗಾಗಿದ್ದು ಉಡ್ತಿದ್ಲು. ಮಣಕಾಲ ಮ್ಯಾಲ ಬಣ್ಣ ಹೋಗಿ ಬೆಳ್ಳಗಾಗಿತ್ತು.”

ನಾನು ಒಳಗೆ ಹೋಗಿ ಮಾನಿಟರ್ ಹಚ್ಚಿದೆ. ಅವಳೂ ಹಿಂದೆಯೇ ಬಂದಳು.

“ಅರ್ಧ ತಾಸು ತಡೀಬೇಕು ಅವ್ವಾ. ಇದು ಕಾಯಬೇಕು.”

“ಕಾಯಲಿ. ಅಷ್ಟರಾಗ ಚಾ ಇಡ್ತೀನಿ.”

ಚಹಾ ಆದ ಮೇಲೆ ನನ್ನ ಪಕ್ಕದಲ್ಲಿ ಕುರ್ಚಿ ಎಳೆದು ಕೂತು, ಚಿತ್ರದಲ್ಲಿ ಅಜ್ಜಿ ಮಡಚಿದ ಮೊಣಕಾಲಿನ ಮೇಲೆ ಬೆರಳಿಟ್ಟಳು. “ಇಲ್ಲಿ. ಮತ್ತ ಇಲ್ಲಿ, ಸೆರಗು ಹೆಗಲಿಗೆ ತಿಕ್ಕೂ ಜಾಗಾದಾಗ.” ಗಾಜಿನ ಮೇಲೆ ಎರಡು ಬೆರಳಿನ ಗುರುತು ಉಳಿದವು. ಅವನ್ನು ಒರೆಸದೆ, ಅವುಗಳ ಅಡಿಯಲ್ಲೇ ಗಿರಿಕುಂಕುಮವನ್ನು ಒಂದೊಂದೇ ಮೆಟ್ಟಿಲು ತೆಳುಮಾಡುತ್ತ ಹೋದೆ. ಅವಳು ಸಾಕು ಅನ್ನುವವರೆಗೆ.